ಹೆಗಲಿಗೆ ಬಿದ್ದ ಗುಂಡು, ಸಿನಿಮಾ ಬಿಟ್ಟ ಕಥೆ

ಏಕಸಂಬಿಯಂಥ ಗಡಿಯೂರಿನವರು ಎರಡೂ ಭಾಷೆಯ ಸಿನಿಮಾ ನೋಡುತ್ತೇವೆ. ಕನ್ನಡವಿರಲಿ, ಮರಾಠಿಯಿರಲಿ, ನಾಯಕನಿಗೆ ಗುಂಡು ಬೀಳುವ ಜಾಗ ಬಹುಮಟ್ಟಿಗೆ ಒಂದೇ: ಹೆಗಲು. ಆತ ಹಲ್ಲು ಕಚ್ಚುತ್ತಾನೆ, ಗಾಯ ಅದುಮಿ ಹಿಡಿದು ಇನ್ನೂ ಹತ್ತು ಮಂದಿಯನ್ನು ಕೆಡವುತ್ತಾನೆ. ರಾತ್ರಿ ಗೆಳೆಯ ಚಾಕು ಕಾಯಿಸಿ ಗುಂಡು ಕೀಳುತ್ತಾನೆ, ಅದು ತಾಟಿಗೆ ಬಿದ್ದು ಟಣ್ ಎನ್ನುತ್ತದೆ. ಮುಂದಿನ ಹಾಡಿನಲ್ಲಿ ಅದೇ ಕೈ ನಾಯಕಿಯನ್ನು ಎತ್ತುತ್ತದೆ. ಕಬ್ಬು ಕಡಿದು, ಹೊರೆ ಹೊತ್ತು, ಶರ್ಯತ್ತಿನ ಎತ್ತಿನ ಹಗ್ಗ ಜಗ್ಗಿ ಬದುಕುವ ಸೀಮೆಯಲ್ಲಿ ಹೆಗಲೆಂದರೆ ಏನೆಂದು ಎಲ್ಲರಿಗೂ ಗೊತ್ತು. ಅದಕ್ಕೇ ಈ ದೃಶ್ಯವನ್ನು ಬರೀ ಮನರಂಜನೆ ಎಂದು ಬಿಡಲು ನನಗೆ ಮನಸ್ಸಾಗುವುದಿಲ್ಲ.

ಎದೆಗೆ ಬಿದ್ದರೆ ಸಾವು, ಹೆಗಲಿಗೆ ಬಿದ್ದರೆ ಬದುಕು ಎಂಬುದು ಚಿತ್ರಕಥೆಯ ಲೆಕ್ಕ. ದೇಹದ ಲೆಕ್ಕ ಬೇರೆ. ಕಾಲರ್ ಎಲುಬಿನ ಕೆಳಗೇ ತೋಳಿಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳ ಹಾಯುತ್ತದೆ. ಶ್ವಾಸಕೋಶದ ತುದಿ ಆ ಎಲುಬಿಗಿಂತ ಎರಡು ಬೆರಳು ಮೇಲಕ್ಕೇ ಬಂದಿರುತ್ತದೆ. ಕೈಕಾಲಿಗಾದರೆ ಗಾಯದ ಮೇಲ್ಗಡೆ ಬಿಗಿಯಾಗಿ ಕಟ್ಟಿ ರಕ್ತ ತಡೆಯಬಹುದು. ಹೆಗಲಿಗೆ ಹಾಗೆ ಕಟ್ಟಲು ಜಾಗವೇ ಇಲ್ಲ. ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಓಡುವುದೊಂದೇ ದಾರಿ.

ಸೈನಿಕರು ಗುಂಡು ತಿಂದೂ ಹೋರಾಡಿಲ್ಲವೇ ಎಂದು ಕೇಳಬಹುದು. ಹೋರಾಡಿದ್ದಾರೆ. 1999ರ ಜುಲೈನಲ್ಲಿ ಟೈಗರ್ ಹಿಲ್ ಏರುವಾಗ ಗ್ರೆನೇಡಿಯರ್ ಯೋಗೇಂದ್ರ ಸಿಂಗ್ ಯಾದವ್ ಅವರ ಹೆಗಲಿಗೂ ತೊಡೆಸಂದಿಗೂ ಗುಂಡು ತಗಲಿತ್ತು. ಆದರೂ ಅವರು ಮೇಲೆ ಹತ್ತಿದರು, ಪರಮವೀರ ಚಕ್ರ ಪಡೆದರು. ಆಗ ಅವರಿಗೆ 19 ವರ್ಷ. ಆ ಧೈರ್ಯ ನಿಜ. ಆಮೇಲೆ ಅವರು ದೀರ್ಘಕಾಲ ಆಸ್ಪತ್ರೆಯಲ್ಲಿ ಕಳೆದದ್ದೂ ಅಷ್ಟೇ ನಿಜ. ಸಿನಿಮಾ ಮೊದಲರ್ಧವನ್ನಷ್ಟೇ ಎರವಲು ತಂದಿದೆ.

ಕಾಯಿಸಿದ ಚಾಕುವಿನ ದೃಶ್ಯ ಇನ್ನೂ ಅಪಾಯಕಾರಿ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರಿಗೆ ಗುಂಡು ಬಿದ್ದಾಗ ವೈದ್ಯರು ತೊಳೆಯದ ಬೆರಳು ಹಾಕಿ ಗುಂಡು ಹುಡುಕಿದರು. ಗಾಯ ಕೀವಾಗಿ, 79 ದಿನ ನರಳಿ ಅವರು ತೀರಿಕೊಂಡರು. ಮಾಂಸದಲ್ಲಿ ಕುಳಿತ ಗುಂಡನ್ನು ಇಂದಿನ ವೈದ್ಯರು ಎಷ್ಟೋ ಸಲ ಅಲ್ಲೇ ಬಿಡುತ್ತಾರೆ. ಅದನ್ನು ಕೀಳಲು ಹೋದರೆ ಆಗುವ ಹಾನಿಯೇ ಹೆಚ್ಚು. ಕೀಲಿನೊಳಗೆ ಉಳಿದ ಗುಂಡಿನ ಮಾತು ಬೇರೆ. ಕೀಲಿನ ದ್ರವದಲ್ಲಿ ಸೀಸ ಮೆಲ್ಲಗೆ ಕರಗಿ ಕೀಲನ್ನು ತಿನ್ನುತ್ತದೆ, ರಕ್ತಕ್ಕೆ ಸೇರಿ ಮೈಗೆಲ್ಲ ವಿಷವಾಗುತ್ತದೆ. ಅದನ್ನು ತೆಗೆಯಲೇಬೇಕು, ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ.

ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸಾಗುತ್ತದೆ ಎಂಬ ಭಯವನ್ನೂ ಸಿನಿಮಾ ಬೆಳೆಸಿದೆ. ಗುಂಡೇಟಿನ ವಿಷಯವನ್ನು ವೈದ್ಯರು ಪೊಲೀಸರಿಗೆ ತಿಳಿಸುತ್ತಾರೆ, ಹೌದು. ಆದರೆ ಕಾನೂನಿನ ವಿಧಿಗಳಿಗೆ ಕಾಯದೆ ಮೊದಲು ಜೀವ ಉಳಿಸಬೇಕೆಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರಾ ಪ್ರಕರಣದಲ್ಲೇ ಹೇಳಿದೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಜನ ದೊಡ್ಡ ಪೆಟ್ಟು ಬಿದ್ದಾಗ ಬೆಳಗಾವಿಗೋ ಮಿರಜಿಗೋ ಹೊರಡುತ್ತಾರೆ. ದಾರಿ ದೂರದ್ದು. ಮನೆಯಲ್ಲಿ ಹಿಂದೆಮುಂದೆ ನೋಡುತ್ತ ಕಳೆದ ಹೊತ್ತೂ ಆ ದೂರಕ್ಕೆ ಸೇರುತ್ತದೆ.

ಇನ್ನು ನರಗಳ ಕಥೆ. ಇದು ಸಿನಿಮಾದಲ್ಲಿ ಇಲ್ಲವೇ ಇಲ್ಲ. ಕುತ್ತಿಗೆಯಿಂದ ಹೊರಟ ಐದು ನರಬೇರುಗಳು ಹೆಗಲಲ್ಲಿ ಹೆಣೆದುಕೊಂಡು ಕೈಗೆ ಇಳಿಯುತ್ತವೆ. ವೈದ್ಯರು ಇದನ್ನು ಬ್ರೇಕಿಯಲ್ ಪ್ಲೆಕ್ಸಸ್ ಎನ್ನುತ್ತಾರೆ. ಗುಂಡು ಇದನ್ನು ಕತ್ತರಿಸಬೇಕೆಂದಿಲ್ಲ, ಪಕ್ಕದಲ್ಲಿ ಹಾಯ್ದ ಹೊಡೆತಕ್ಕೇ ಕೈ ಜೋತು ಬೀಳಬಹುದು. ನರ ಬರೀ ಮರಗಟ್ಟಿದ್ದರೆ ವಾರಗಳಲ್ಲಿ, ತಿಂಗಳುಗಳಲ್ಲಿ ತಾನೇ ಚೇತರಿಸುತ್ತದೆ. ಒಳಗಿನ ಎಳೆ ಹರಿದಿದ್ದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಹೆಗಲಿಂದ ಅಂಗೈಗೆ 60-70 ಸೆಂಟಿಮೀಟರ್ ಹಿಡಿದರೂ ಎರಡು ವರ್ಷದ ದಾರಿ. ನರದ ಸಂಪರ್ಕ ತಪ್ಪಿದ ಸ್ನಾಯು ಅಷ್ಟು ದಿನ ಕಾಯುವುದಿಲ್ಲ, ವರ್ಷ ಒಂದೂವರೆ ವರ್ಷದಲ್ಲಿ ಸೊರಗಿಹೋಗುತ್ತದೆ. ತೋಳು ಮಡಚಲು ಬಂದವನಿಗೂ ಗುಂಡಿ ಹಾಕಲು ಬಾರದೆ ಹೋಗುವುದು ಇದರಿಂದಲೇ. ಇದರ ಮೇಲೆ ಉರಿನೋವು ಬೇರೆ. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ನೋಡಿದ ವೈದ್ಯ ವಿಯರ್ ಮಿಚೆಲ್ ಮತ್ತು ಜೊತೆಗಾರರು 1864ರಲ್ಲೇ ಇದನ್ನು ಬರೆದಿಟ್ಟರು: ನರಕ್ಕೆ ಪೆಟ್ಟಾದವರು ಅಂಗೈಯ ಉರಿ ತಾಳದೆ ಸದಾ ನೀರು ಹಾಕಿಕೊಳ್ಳುತ್ತಿದ್ದರು.

ಗಾಯ ಮಾಯ್ದ ಮೇಲೂ ಹೆಗಲು ಬಿಗಿದುಕೊಳ್ಳುತ್ತದೆ. ಕೈಯನ್ನು ಜೋಳಿಗೆ ಕಟ್ಟಿ ಅಲುಗಾಡಿಸದೆ ಇಡುವುದು ನಮ್ಮ ಕಡೆ ಆರೈಕೆಯ ಗುರುತು; ‘ಕೈ ಎತ್ತಬ್ಯಾಡ’ ಎನ್ನುವುದು ಪ್ರೀತಿಯ ಮಾತು. ಎಲುಬು ಕೂಡುವವರೆಗೆ ಅದು ಸರಿ. ವೈದ್ಯರು ಅಲುಗಾಡಿಸಲು ಹೇಳಿದ ಮೇಲೂ ಕಟ್ಟಿಯೇ ಇಟ್ಟರೆ ಕೀಲಿನ ಚೀಲ ಕುಗ್ಗಿ ಹೆಗಲು ಹಿಡಿದುಕೊಳ್ಳುತ್ತದೆ. ಬಗ್ಗಿ ನಿಂತು ಕೈಯನ್ನು ಗಡಿಯಾರದ ಲೋಲಕದ ಹಾಗೆ ತೂಗುವುದು, ಗೋಡೆಯ ಮೇಲೆ ಬೆರಳು ನಡೆಸುತ್ತ ಏರುವುದು, ಇಂಥವನ್ನು ತಿಂಗಳುಗಟ್ಟಲೆ ಮಾಡಬೇಕು. ಫಿಸಿಯೋಥೆರಪಿಗೆಂದು ಪೇಟೆಗೆ ಹೋದ ದಿನ ಕೂಲಿಯವನಿಗೆ ಪಗಾರಿಲ್ಲ. ಹಾಗಾಗಿ ನಾಲ್ಕನೇ ಸಲಕ್ಕೆ ಹೋಗುವುದೇ ನಿಲ್ಲುತ್ತದೆ. ಚೇತರಿಕೆ ಇಲ್ಲಿ ಸೋತಷ್ಟು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಸೋಲುವುದಿಲ್ಲ ಎಂದು ನನಗನಿಸುತ್ತದೆ.

ಈ ಚೇತರಿಕೆಯಲ್ಲಿ ನಾಟಕೀಯತೆ ಇಲ್ಲ ಎಂದು ನಿರ್ದೇಶಕರು ಹೇಳಿದರೆ ನಾನು ಒಪ್ಪುವುದಿಲ್ಲ. ಹೀಗೊಂದು ದೃಶ್ಯ ಊಹಿಸಿ. ತಲೆಗೆ ಪಟಕಾ ಸುತ್ತಲು ಎರಡೂ ಕೈ ಮೇಲಕ್ಕೇಳಬೇಕು. ಗುಂಡು ತಿಂದವನೊಬ್ಬ ಮನೆಯ ಗೋಡೆಗೆ ನಿಂತು, ಬೆರಳು ಮುಟ್ಟಿದಲ್ಲಿ ಇದ್ದಿಲಿನಿಂದ ಗೆರೆ ಎಳೆಯುತ್ತಾನೆ. ತಿಂಗಳಾದ ಮೇಲೆ ಹೊಸ ಗೆರೆ ಹಳೆಯದಕ್ಕಿಂತ ನಾಲ್ಕು ಬೆರಳು ಮೇಲಿದೆ. ಹೆಂಡತಿ ಪಟಕಾದ ಒಂದು ತುದಿ ಹಿಡಿದು ನಿಂತಿದ್ದಾಳೆ, ಈ ಸಲ ಸುತ್ತು ಪೂರಾ ಆದೀತೇ ಎಂದು ನೋಡುತ್ತ.