ಅಳೆಯುವ ಸೇರು ಯಾರ ಕೈಲಿದೆ?

ದುಡ್ಡು ಬಂದು ಹಳ್ಳಿಯ ಸಂಬಂಧಗಳೆಲ್ಲಾ ಕೆಟ್ಟುಹೋದವು ಎಂದು ಕೊರಗುವವರಿದ್ದಾರೆ. ಯಾವ ಸಂಬಂಧ? ಯಾರಿಗೆ ಬೇಕಾಗಿತ್ತು ಅದು?

ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 56ರವರೆಗೆ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿ 1962ರಲ್ಲಿ ಪುಸ್ತಕ ತಂದರು. ಹಳ್ಳಿಗಳಿಗೆ ಅವರಿಟ್ಟ ಹೆಸರು ವಂಗಲ, ದಾಲೇನ. ವಂಗಲಕ್ಕೆ ನಾಲೆ ನೀರು ಬಂತು, ಕಬ್ಬು ಬಂತು. ದಾಲೇನದ ಹೊಲಗಳಿಗೆ ನೀರು ಹತ್ತಲಿಲ್ಲ. ಅಲ್ಲಿನವರು ಸಂಪಾದನೆಗೆ ಊರಾಚೆ ಹೊರಟರು. ದುಡ್ಡು ಎರಡೂ ಕಡೆ ಬಂತು. ಆದರೆ ಒಕ್ಕಲಿಗರಿಗೂ ಆದಿಕರ್ನಾಟಕರಿಗೂ ನಡುವಿನ ತಲೆತಲಾಂತರದ ಕಟ್ಟು ಕಳಚಿದ್ದು ದಾಲೇನದಲ್ಲಿ. ನೀರುಂಡ ವಂಗಲದಲ್ಲಿ ಅದು ಉಳಿಯಿತು. ಬರೀ ದುಡ್ಡಿಗೆ ಕಟ್ಟು ಬಿಚ್ಚುವ ಶಕ್ತಿಯಿಲ್ಲ ಎಂದು ತೋರಿಸಿದ್ದೇ ಈ ಪುಸ್ತಕದ ಹಿರಿಮೆ.

ಅದೇ ಲೇಖಕಿ 1967ರ ಪ್ರಬಂಧದಲ್ಲಿ, ವರ್ಷಕ್ಕಿಷ್ಟು ಎಂದು ಗೊತ್ತುಮಾಡಿದ ಧಾನ್ಯದ ಕೂಲಿಯಿಂದ ಕೆಟ್ಟ ವರ್ಷದಲ್ಲೂ ಆಳಿನ ಹೊಟ್ಟೆಗೆ ಇರುತ್ತಿತ್ತು, ಒಳ್ಳೆ ವರ್ಷದ ಹೆಚ್ಚಳ ಒಡೆಯನಿಗೆ ಹೋಗುತ್ತಿತ್ತು ಎಂದು ವಾದಿಸಿದರು. ಹಸಿವು ಕಂಡವರು ಈ ಭದ್ರತೆಯನ್ನು ಹಗುರ ಮಾಡಲಾರರು. ಆದರೆ ಲೆಕ್ಕದಲ್ಲಿ ಒಂದು ಬಾಬತ್ತು ಬಿಟ್ಟುಹೋಗಿದೆ. ಕಣದಲ್ಲಿ ಅಳೆದ ರಾಗಿ ಹೊಲದ ಗೇಮೆಗೆ ಮಾತ್ರವಲ್ಲ. ಸತ್ತ ದನ ಹೊರೋದು, ಸಾವಿಗೆ ತಮಟೆ ಬಡಿಯೋದು, ಕೂಗಿದಾಗ ಓಡಿಬರೋದು ಎಲ್ಲಾ ಅದರೊಳಗೇ. ಯಾವುದಕ್ಕೆ ಎಷ್ಟು ಅಂತ ಕೇಳೋ ಹಾಗಿಲ್ಲ. ಕೇಳಿದರೆ, 'ಏನ್ಲಾ, ಉಂಡ ಮನೆಗೇ ಲೆಕ್ಕ ಕೇಳ್ತೀಯಾ?' ಮೈಸೂರು ಸೀಮೆಯಲ್ಲಿ ಇಂಥ ಆಳಿಗೆ 'ಹಳೇಮಗ' ಅಂತ ಹೆಸರು. ಮಗನಂತೆ! ಹೊಲದಲ್ಲಿ ಪಾಲಿಲ್ಲ, ಪಂಕ್ತಿಯಲ್ಲಿ ಎಲೆಯಿಲ್ಲ.

ನಗದಿಗೆ ಮುಖವಿಲ್ಲ ಅನ್ನುತ್ತಾರೆ. ಮುಖ ನೋಡಿ ಅಳೆಸಿಕೊಂಡವರಿಗೆ ಅದೇ ಬಿಡುಗಡೆ. ಸಂಜೆ ಕೂಲಿ ಎಣಿಸಿಕೊಂಡವನು 'ನಾಳೆ ಬರಲ್ಲ' ಅನ್ನಬಹುದು.

ಹಾಗಂತ ದುಡ್ಡಿಗೆ ಪೂಜೆ ಬೇಡ. ಅದೇ ಕಾಸನ್ನು ಸೋಂಕದ ಹಾಗೆ ಮೇಲಿಂದ ಅಂಗೈಗೆ ಉದುರಿಸಿದ ಕೈಗಳಿವೆ. ಮುಂಗಡ ಕೊಟ್ಟು ಮನುಷ್ಯನನ್ನು ಜೀತಕ್ಕೆ ಕಟ್ಟಿದ್ದೂ ದುಡ್ಡೇ. ಅದರ ವಿರುದ್ಧ 1976ರಲ್ಲಿ ಕಾನೂನು ಬರಬೇಕಾಯಿತು. ಈಗ ಅಂಗಡಿಯ ಮುಂದೆ ಕ್ಯೂಆರ್ ಕೋಡ್. ಕೈಗೆ ಕೈ ತಾಗುವುದೇ ಇಲ್ಲ. ಅಷ್ಟಕ್ಕೇ ಮುಟ್ಟಬಾರದೆಂಬ ಮನಸ್ಸು ಹೋಯಿತೆಂದು ನಂಬುವುದು ಹೇಗೆ?

ರಾಗಿಯಾಗಲಿ, ರೂಪಾಯಿಯಾಗಲಿ, ಫೋನಾಗಲಿ, ಕೇಳಬೇಕಾದ್ದು ಒಂದೇ: ಅಳೆಯುವ ಸೇರು ಯಾರ ಕೈಲಿದೆ? ಪಡೆದವನು 'ಸಾಲದು' ಅಂದರೆ ನಾಳೆ ಅವನ ಮನೆಯ ಒಲೆ ಉರಿಯುತ್ತದೆಯೇ? ಹಳ್ಳಿಯ ಲೆಕ್ಕ ಬರೆಯಹೊರಟ ವಿದ್ಯಾರ್ಥಿ ಮಿತ್ರರು ಕೊಟ್ಟವನ ಜಗಲಿ ಹತ್ತುವ ಮೊದಲು ಪಡೆದವನ ಹಟ್ಟಿಗೆ ಹೋಗಲಿ.