ಅಂದ ಮೇಲೆ

ನಮ್ಮ ಮಹಡಿಯ ಮೇಲಿನ ಕೋಣೆಯನ್ನು ಹೆಣ್ಣುಮಕ್ಕಳಿಗೇ ಬಾಡಿಗೆಗೆ ಕೊಡುವುದೆಂದು ಹೆಬ್ಬಗೋಡಿಗೆ ಬಂದ ಹೊಸದರಲ್ಲೇ ನಾವು ನಿಶ್ಚಯಿಸಿಕೊಂಡಿದ್ದೆವು. ಆಗ ಮನೆಯ ಹಿಂದೆ ರಾಗಿ ಹೊಲ ಇನ್ನೂ ಉಳಿದಿತ್ತು. ಈಗ ಒಂದು ಕಡೆ ಎಲೆಕ್ಟ್ರಾನಿಕ್ ಸಿಟಿ, ಇನ್ನೊಂದು ಕಡೆ ಬೊಮ್ಮಸಂದ್ರದ ಕಾರ್ಖಾನೆಗಳು, ನಡುವೆ ಹೊಸೂರು ರಸ್ತೆ. 2025ರ ಆಗಸ್ಟ್‌ನಿಂದ ಮೆಟ್ರೊ ರೈಲೂ ತಲೆಯ ಮೇಲೆ ಓಡತೊಡಗಿದೆ. ಕೋಣೆಗೆ ಬಂದು ಹೋದ ಹುಡುಗಿಯರ ಲೆಕ್ಕ ಇಟ್ಟಿಲ್ಲ. ಈಗಿರುವವಳು ಚನ್ನರಾಯಪಟ್ಟಣದ ಕಡೆಯವಳು. ಬಿ.ಎ. ಮುಗಿಸಿ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸಕ್ಕಿದ್ದಾಳೆ. ರಾತ್ರಿ ಊಟವಾದ ಮೇಲೆ ಮಹಡಿಯ ಮೆಟ್ಟಿಲ ಮೇಲೆ, ಬಲ್ಬಿನ ಕೆಳಗೆ, ಗೈಡು ಹಿಡಿದು ಕೂರುತ್ತಾಳೆ. ಕೋಣೆಯಲ್ಲಿ ಜೊತೆಯ ಹುಡುಗಿ ಮಲಗಿರುತ್ತಾಳಲ್ಲ, ದೀಪ ಹಾಕುವ ಹಾಗಿಲ್ಲ.

ಒಂದು ರಾತ್ರಿ ಬಾಗಿಲು ಹಾಕಲು ಹೋದಾಗ, "ಆಂಟಿ, ಇವೆರಡರಲ್ಲಿ ಯಾವುದು ಪ್ರಬಲ ವಾದ, ಯಾವುದು ದುರ್ಬಲ ವಾದ, ಸ್ವಲ್ಪ ನೋಡಿ" ಎಂದಳು. ಮೂವತ್ತು ವರ್ಷ ಸಂಸಾರ ಮಾಡಿದವಳನ್ನು ಕೇಳುವ ಪ್ರಶ್ನೆಯೇ ಇದು! ಯಾರ ದನಿ ದೊಡ್ಡದೋ ಅವರದೇ ಪ್ರಬಲ ವಾದವೆಂದು ತಿಳಿದು ಬಾಳಿದವಳು ನಾನು. ಆದರೂ ಕುತೂಹಲಕ್ಕೆ ಗೈಡನ್ನು ಕೆಳಗೆ ತಂದೆ. ಅದನ್ನು ಓದುತ್ತ ಎರಡು ವಾರ ಕಳೆದೆ. ಕಾದಂಬರಿ, ಕವಿತೆಗಳಿಗೆ ವಿಮರ್ಶೆ ಬರೆಯುವವರಿದ್ದಾರೆ. ನಮ್ಮ ಮಕ್ಕಳು ಕಾದಂಬರಿಗಿಂತ ಹೆಚ್ಚು ಓದುವ ಈ ಗೈಡುಗಳಿಗೆ ಯಾರೂ ಬರೆದಂತಿಲ್ಲ. ನಾನೇ ಬರೆಯುತ್ತೇನೆ.

ಮೊದಲು ಮೆಚ್ಚಿದ್ದನ್ನು ಹೇಳಬೇಕು. ನಾಲ್ಕೈದು ಸಾಲಿನ ಒಂದು ವಾದ ಕೊಡುತ್ತಾರೆ. ಈ ವಾದ ಹೇಳದೆಯೇ ಒಪ್ಪಿಕೊಂಡಿರುವ ಮಾತು ಯಾವುದು, ಯಾವ ಸಂಗತಿ ತಿಳಿದರೆ ಇದು ದುರ್ಬಲವಾಗುತ್ತದೆ, ಕೊನೆಯ ಬಿಟ್ಟ ಸಾಲಿಗೆ ಯಾವ ತೀರ್ಮಾನ ಸರಿಹೊಂದುತ್ತದೆ ಎಂದೆಲ್ಲ ಕೇಳುತ್ತಾರೆ. ಓದುತ್ತ ಓದುತ್ತ ನನಗೆ ನೆನಪಾದದ್ದು ನಮ್ಮ 'ಕಾಲ್ಗುಣ'. ಸೊಸೆ ಮನೆಗೆ ಬಂದಳು, ತಿಂಗಳೊಳಗೆ ಎಮ್ಮೆ ಸತ್ತಿತು, ಅಂದ ಮೇಲೆ ಅವಳ ಕಾಲ್ಗುಣ ಸರಿಯಿಲ್ಲ. ಎಷ್ಟು ಹೆಣ್ಣುಮಕ್ಕಳ ಬಾಳನ್ನು ಈ ಮೂರು ಸಾಲು ಕಹಿ ಮಾಡಿಲ್ಲ? ಒಂದಾದ ಮೇಲೆ ಇನ್ನೊಂದು ಬಂತೆಂದರೆ ಮೊದಲನೆಯದೇ ಎರಡನೆಯದಕ್ಕೆ ಕಾರಣ ಎಂಬುದು ಅದರಲ್ಲಿ ಹೇಳದೆ ಬಿಟ್ಟ ಮಾತು. ಮದುವೆಗೆ ಮೊದಲೇ ಎಮ್ಮೆ ಮೇವು ಬಿಟ್ಟಿತ್ತು ಎಂದು ಯಾರಾದರೂ ಎದ್ದು ಹೇಳಿದ್ದರೆ ವಾದ ಅಲ್ಲೇ ಕುಸಿಯುತ್ತಿತ್ತು. ಹೇಳುವವರು ಇರಲಿಲ್ಲ. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದು ಎಂದುಕೊಂಡಿದ್ದ ಅಜ್ಜಿಯ ಕಥೆಯನ್ನು ಮಕ್ಕಳಿಗೆ ಹೇಳಿ ನಗಿಸುವ ನಾವೇ, ಮದುಮಗಳ ವಿಷಯಕ್ಕೆ ಬಂದರೆ ಆ ಅಜ್ಜಿಯಾಗಿಬಿಡುತ್ತೇವೆ. ಇದನ್ನು ಪರೀಕ್ಷೆಯ ನೆಪದಲ್ಲಾದರೂ ಹುಡುಗಿಯರಿಗೆ ಕಲಿಸುವ ಪುಸ್ತಕವನ್ನು ಹಗುರವಾಗಿ ಕಾಣಲಾರೆ.

ಇದೆಲ್ಲ ಪರದೇಶದಿಂದ ಬಂದ ವಿದ್ಯೆಯೆಂದು ತಿಳಿಯಬೇಡಿ. ಗೈಡಿನ ಪ್ರಶ್ನೆಗಳ ಧಾಟಿ ಅಮೆರಿಕದ ಪ್ರವೇಶ ಪರೀಕ್ಷೆಗಳನ್ನು ನೋಡಿ ಬಂದದ್ದಿರಬಹುದು. ಆದರೆ ನ್ಯಾಯಶಾಸ್ತ್ರದವರು ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಬೆಂಕಿಯಿದೆ ಎನ್ನುವುದಕ್ಕೆ ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂದು ಐದು ಮೆಟ್ಟಿಲು ಕಟ್ಟಿದ್ದರು. ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ ಎಂಬುದಕ್ಕೆ ಅವರು ಕೊಟ್ಟ ಉದಾಹರಣೆ ಯಾವುದು ಗೊತ್ತೇ? ಅಡಿಗೆಮನೆ! ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆಯೇ ಎಂದು ತಿರುಗಿಸಿ ಕೇಳಿದರೆ ಇಲ್ಲ, ಕಾಸಿದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲ, ಹೊಗೆಗೆ ಹಸಿ ಸೌದೆಯೂ ಬೇಕು ಎಂದರು. ಹಸಿ ಸೌದೆ ಊದಿ ಕಣ್ಣು ಕೆಂಪು ಮಾಡಿಕೊಂಡವರಿಗೆ ಇದನ್ನು ಶಾಸ್ತ್ರ ಹೇಳಬೇಕಾಗಿರಲಿಲ್ಲ ಅನ್ನಿ. ದಪ್ಪಗಿರುವ ದೇವದತ್ತ ಹಗಲು ಊಟ ಮಾಡುವುದಿಲ್ಲ ಎಂದರೆ ರಾತ್ರಿ ಉಣ್ಣುತ್ತಿರಬೇಕು ಎಂಬುದು ಅವರ ಇನ್ನೊಂದು ಪ್ರಸಿದ್ಧ ಮಾತು. ಮೀಮಾಂಸಕರು ಇದನ್ನು ಅರ್ಥಾಪತ್ತಿಯೆಂದು ಬೇರೆಯೇ ಪ್ರಮಾಣವಾಗಿ ಇಟ್ಟರೆ, ನೈಯಾಯಿಕರು ಅದೂ ಅನುಮಾನವೇ ಎಂದು ವಾದ ಹೂಡಿದರು. ಗೈಡಿನ 'ಬಿಟ್ಟ ಸಾಲು ತುಂಬಿರಿ' ಎಂಬ ಪ್ರಶ್ನೆಗೂ ದೇವದತ್ತನ ರಾತ್ರಿಯೂಟಕ್ಕೂ ಹೆಚ್ಚು ದೂರವಿಲ್ಲ.

ಇನ್ನು ಮೆಚ್ಚದ್ದು. ಮೊದಲನೆಯದು ಅದರ ಕನ್ನಡ. ಇಂಗ್ಲಿಷಿನಲ್ಲಿ ಹುಟ್ಟಿದ ವಾದವನ್ನು ಪದಕ್ಕೆ ಪದವಿಟ್ಟು ಕನ್ನಡಕ್ಕೆ ಎಳೆದು ತಂದಿದ್ದಾರೆ. ಇತಿಹಾಸದ ಪ್ರಶ್ನೆಯಲ್ಲಿ ಭಾಷೆ ಸ್ವಲ್ಪ ಕುಂಟಿದರೂ ಇಸವಿ ಗೊತ್ತಿದ್ದವಳು ಉತ್ತರ ಬರೆದಾಳು. ತರ್ಕದ ಪ್ರಶ್ನೆಯಲ್ಲಿ ಭಾಷೆಯೇ ಪ್ರಶ್ನೆ. 'ಎಲ್ಲ ಹುಡುಗಿಯರೂ ಪಾಸಾಗಲಿಲ್ಲ' ಎಂದು ಗೈಡಿನಲ್ಲಿದೆ. ಒಬ್ಬಳೂ ಪಾಸಾಗಲಿಲ್ಲವೆಂದೋ, ಕೆಲವರು ಪಾಸಾಗಿ ಕೆಲವರು ಆಗಲಿಲ್ಲವೆಂದೋ? ಮಾತಾಡುವಾಗ ದನಿಯಲ್ಲೇ ಅರ್ಥ ತಿಳಿಯುತ್ತದೆ, ಅಚ್ಚಿನಲ್ಲಿ ತಿಳಿಯುವುದಿಲ್ಲ. ಒಂದರ್ಥಕ್ಕೆ ಒಂದು ತೀರ್ಮಾನ, ಇನ್ನೊಂದರ್ಥಕ್ಕೆ ಬೇರೆ ತೀರ್ಮಾನ. ಅಂಕ ಮಾತ್ರ ಒಂದಕ್ಕೇ. 'ಓದಿದರೆ ಪಾಸಾಗುತ್ತಾಳೆ', 'ಓದಿದರೆ ಮಾತ್ರ ಪಾಸಾಗುತ್ತಾಳೆ' ಎಂಬೆರಡರ ನಡುವೆ ಇರುವುದು ಎರಡಕ್ಷರದ ಒಂದು ಪದ, ಆದರೆ ಅಂತರ ಆಕಾಶ-ಭೂಮಿಯಷ್ಟು.

ನಾನು ಸುಮ್ಮನೆ ಗೊಣಗುತ್ತಿಲ್ಲ. ಕೇಂದ್ರ ಲೋಕಸೇವಾ ಆಯೋಗ 2011ರಲ್ಲಿ ತರ್ಕ, ಗ್ರಹಿಕೆಗಳ ಪತ್ರಿಕೆಯನ್ನು ತಂದಾಗ ಅದರ ಹಿಂದಿ ಅನುವಾದದಲ್ಲಿ ಉಕ್ಕಿನ ಕಾರ್ಖಾನೆ 'ಉಕ್ಕಿನ ಗಿಡ'ವಾಗಿದೆಯೆಂದು ದೊಡ್ಡ ಗದ್ದಲವೆದ್ದಿತು. 2014ರಲ್ಲಿ ದಿಲ್ಲಿಯಲ್ಲಿ ಹುಡುಗರು ಬೀದಿಗಿಳಿದರು, 2015ರಿಂದ ಆ ಪತ್ರಿಕೆಯಲ್ಲಿ ಶೇಕಡ 33 ತೆಗೆದರೆ ಸಾಕೆಂದಾಯಿತು. ನಮ್ಮಲ್ಲಿ 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗ 384 ಹುದ್ದೆಗಳಿಗೆ ನಡೆಸಿದ ಪೂರ್ವಭಾವಿ ಪರೀಕ್ಷೆಯ ಕನ್ನಡದಲ್ಲಿ ತಪ್ಪುಗಳಿದ್ದುದರಿಂದ ಸರಕಾರವೇ ಮರುಪರೀಕ್ಷೆ ಮಾಡಿಸಬೇಕಾಯಿತು. ಡಿಸೆಂಬರ್ 29ರಂದು ನಡೆದ ಮರುಪರೀಕ್ಷೆಯ ಕನ್ನಡದ ಮೇಲೂ ಅದೇ ದೂರು ಬಂತು. ಕನ್ನಡ ನಾಡಿನ ಪರೀಕ್ಷೆಯ ಪ್ರಶ್ನೆಯನ್ನು ಕನ್ನಡದಲ್ಲೇ ಯೋಚಿಸಿ ಬರೆಯುವವರು ಸಿಗಲಿಲ್ಲವೇ ಎಂಬುದು ನನ್ನ ಸರಳ ಪ್ರಶ್ನೆ. ಗೈಡಿನ ತುಂಬ 'ಆದ್ದರಿಂದ'ಗಳಿವೆ. ಮನೆಯಲ್ಲಿ, ಸಂತೆಯಲ್ಲಿ ಯಾರು 'ಆದ್ದರಿಂದ' ಎನ್ನುತ್ತಾರೆ? ನಾವು ಅನ್ನುವುದು 'ಅಂದ್ಮೇಲೆ'.

ಎರಡನೆಯ ತಕರಾರು ಇದಕ್ಕಿಂತ ದೊಡ್ಡದು. ಹುಡುಗಿ ಅಂದು ತೋರಿಸಿದ್ದು ಈ ಪ್ರಶ್ನೆ: ಹೆಂಗಸರಿಗೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಕೊಡಬಹುದೇ? ಒಂದನೇ ವಾದ: ಕೊಡಬಹುದು, ದುಡಿಮೆಯ ಅವಕಾಶ ಎಲ್ಲರಿಗೂ ಸಮಾನ. ಎರಡನೇ ವಾದ: ಕೂಡದು, ರಾತ್ರಿ ರಸ್ತೆಗಳು ಹೆಂಗಸರಿಗೆ ಸುರಕ್ಷಿತವಲ್ಲ. ಹಿಂದಿನ ಪುಟದ ಉತ್ತರದಲ್ಲಿ ಎರಡನೆಯದು ಮಾತ್ರ ಪ್ರಬಲ. ಏಕೆ ಎಂದು ಒಂದು ಸಾಲೂ ಇಲ್ಲ. 1948ರ ಕಾರ್ಖಾನೆ ಕಾಯಿದೆ ಹೆಂಗಸರ ರಾತ್ರಿ ದುಡಿಮೆಯನ್ನು ತಡೆದದ್ದು, ಕರ್ನಾಟಕ ಸರಕಾರ 2019ರಲ್ಲಿ ಷರತ್ತಿನ ಮೇಲೆ ಅದಕ್ಕೆ ಅನುಮತಿ ಕೊಟ್ಟದ್ದು, ಇವೆರಡೂ ಗೈಡಿಗೆ ಬೇಡ. ಹೋಗಲಿ, ಹೊರಗಿನ ಸಂಗತಿ ತರಬಾರದೆಂಬುದು ಆಟದ ನಿಯಮವೆಂದೇ ಒಪ್ಪೋಣ. ಆದರೆ ಎರಡನೇ ವಾದದ ಹೊಟ್ಟೆಯೊಳಗೆ ಒಂದು ಮಾತು ಅಡಗಿ ಕೂತಿದೆಯಲ್ಲ? ರಸ್ತೆ ಸರಿಯಿಲ್ಲದಿದ್ದರೆ ಬದಲಾಗಬೇಕಾದದ್ದು ರಸ್ತೆಯಲ್ಲ, ಹೆಂಗಸಿನ ಕೆಲಸ ಎಂಬ ಮಾತು. ಅಡಗಿದ್ದನ್ನು ಹುಡುಕು ಎಂದು ನೂರು ಪುಟ ಕಲಿಸಿದ ಪುಸ್ತಕ, ತನ್ನ ಉತ್ತರದಲ್ಲೇ ಅಡಗಿದ್ದನ್ನು ಕಾಣಲಿಲ್ಲ. ಆಸ್ಪತ್ರೆಯ ನರ್ಸುಗಳು ಯಾವ ಕಾಲದಿಂದಲೂ ರಾತ್ರಿ ಪಾಳಿ ಮಾಡುತ್ತಲೇ ಇದ್ದಾರೆ. ಅವರಿಗೆ ರಸ್ತೆ ಬೇರೆಯೇ?

ಮೂರನೆಯದು: ಗೈಡಿನ ವಾದಗಳಿಗೆ ಯಜಮಾನರಿಲ್ಲ. ಯಾರು ಯಾರಿಗೆ ಹೇಳಿದರು, ಹೇಳಿದವರಿಗೆ ಲಾಭವೇನು, ಕೇಳಿದವರಿಗೆ ನಷ್ಟವೇನು ಎಂಬುದಿಲ್ಲ. ಹೀಗಾಗಿ ಹುಡುಗಿಗೆ ನಾನೇ ಒಂದು ಪ್ರಶ್ನೆ ತಯಾರಿಸಿದೆ. ಅದಕ್ಕೆ ದೂರ ಹೋಗಬೇಕಾಗಿರಲಿಲ್ಲ.

2016ರ ಏಪ್ರಿಲ್ 18 ಮತ್ತು 19. ಹೊಸೂರು ರಸ್ತೆಯಲ್ಲಿ ಗಾರ್ಮೆಂಟ್ಸಿನ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ಬಂದು ಕೂತರು. ಮುಂದೆ ನಿಂತು ಕರೆದ ದೊಡ್ಡ ನಾಯಕರಾರೂ ಇರಲಿಲ್ಲ. ಎರಡನೇ ದಿನ ನಮ್ಮ ಹೆಬ್ಬಗೋಡಿಯ ಪೊಲೀಸ್ ಠಾಣೆಯ ಮೇಲೆ ಕಲ್ಲು ಬಿತ್ತು, ಅಲ್ಲಿ ನಿಲ್ಲಿಸಿದ್ದ ವಾಹನಗಳು ಹೊತ್ತಿ ಉರಿದವು. ಕಪ್ಪು ಹೊಗೆಯನ್ನು ನಾನು ಮಹಡಿಯಿಂದ ನೋಡಿದೆ. (ಹೊಗೆ ಇದೆ, ಅಂದ ಮೇಲೆ ಬೆಂಕಿ ಇದೆ. ಅಂದು ಶಾಸ್ತ್ರ ಯಾರಿಗೂ ನೆನಪಾಗಲಿಲ್ಲ.) ಕಾರಣ ಭವಿಷ್ಯನಿಧಿ, ಎಲ್ಲರೂ ಕರೆಯುವ ಪಿ.ಎಫ್. ಆ ವರ್ಷದ ಫೆಬ್ರವರಿ 10ರಂದು ಕೇಂದ್ರದ ಕಾರ್ಮಿಕ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿತ್ತು. ಕೆಲಸ ಬಿಟ್ಟು ಎರಡು ತಿಂಗಳಾದರೆ ಪೂರ್ತಿ ಹಣ ತೆಗೆಯಬಹುದಾಗಿದ್ದದ್ದು ಹೋಗಿ, ತನ್ನ ಪಾಲು ಮತ್ತು ಅದರ ಬಡ್ಡಿ ಮಾತ್ರ ತೆಗೆಯಬಹುದು, ಮಾಲೀಕರ ಪಾಲು 58 ವರ್ಷ ತುಂಬಿದ ಮೇಲೆ ಎಂದಾಯಿತು.

ನನ್ನ ಪ್ರಶ್ನೆ ಹೀಗಿತ್ತು. 'ಕಾರ್ಮಿಕರು ಕೆಲಸ ಬಿಟ್ಟಾಗಲೆಲ್ಲ ಪಿ.ಎಫ್. ತೆಗೆದು ಖರ್ಚು ಮಾಡಿಬಿಡುತ್ತಾರೆ. ಹೀಗಾದರೆ ಮುಪ್ಪಿಗೆ ಏನೂ ಉಳಿಯುವುದಿಲ್ಲ. ಅಂದ ಮೇಲೆ ಅದರ ಒಂದು ಪಾಲನ್ನು 58ರವರೆಗೆ ಮುಟ್ಟಗೊಡಬಾರದು.' ಇದರಲ್ಲಿ ಹೇಳದೆ ಒಪ್ಪಿಕೊಂಡ ಮಾತು ಯಾವುದು?

ಈ ವಾದ ಕೆಟ್ಟ ಮನಸ್ಸಿನಿಂದ ಹುಟ್ಟಿದ್ದೆಂದು ನಾನು ಹೇಳಲಾರೆ. ನಮ್ಮವರೂ ಅಂದು ಅದನ್ನೇ ಹೇಳಿದ್ದರು: "ಕೈಗೆ ಸಿಕ್ಕರೆ ಉಳಿಯುತ್ತದೆಯೇ? ಮುಂದೆ ಅವರಿಗೇ ಬೇಕಾಗುತ್ತದೆ." ಮೊತ್ತ ಎಷ್ಟೆಂದು ಲೆಕ್ಕ ಹಾಕಿದೆ. ತಿಂಗಳಿಗೆ 7000 ರೂಪಾಯಿ ಸಂಬಳವೆಂದಿಟ್ಟುಕೊಳ್ಳಿ. ಶೇಕಡ 12ರಂತೆ ಅವಳ ಪಾಲು 840. ಮಾಲೀಕರೂ ಶೇಕಡ 12 ಕಟ್ಟಿದರೂ ಅದರಲ್ಲಿ 8.33 ಪಿಂಚಣಿಗೆ ಹೋಗಿ ಪಿ.ಎಫ್.ಗೆ ಬರುವುದು 3.67, ಅಂದರೆ ಸುಮಾರು 257 ರೂಪಾಯಿ. ಹತ್ತು ವರ್ಷಕ್ಕೆ ಬಡ್ಡಿ ಬಿಟ್ಟು 30,800ರ ಹತ್ತಿರ. ದಿಲ್ಲಿಯ ಕಚೇರಿಗೆ ಇದು ಒಂದು ಸಣ್ಣ ಅಂಕಿ. ಮಗಳ ಕಾಲೇಜಿಗೆ ಫೀಸು ಕಟ್ಟಬೇಕಾದವಳಿಗೆ ಅಲ್ಲ.

ರಸ್ತೆಯ ಮೇಲಿನ ವಾದದಲ್ಲೂ ತಪ್ಪಿತ್ತೆಂಬುದನ್ನು ಮರೆಮಾಚಬಾರದು. ಪಿ.ಎಫ್. ಪೂರ್ತಿ ಹೋಯಿತಂತೆ ಎಂದೇ ಅನೇಕರು ನಂಬಿದ್ದರು. ಒಂದು ಪಾಲು ತಡೆದರು ಎಂಬುದರಿಂದ ಎಲ್ಲ ಹೋಯಿತು ಎಂಬ ತೀರ್ಮಾನ ಬರುವುದಿಲ್ಲ. ಠಾಣೆಗೆ ಬೆಂಕಿಯಿಡುವುದಂತೂ ಯಾವ ವಾದವೂ ಅಲ್ಲ. 19ರಂದೇ ಸರಕಾರ ಅಧಿಸೂಚನೆಯನ್ನು ಹಿಂದಕ್ಕೆ ತೆಗೆದುಕೊಂಡಿತು. "ಹಿಂತೆಗೆದುಕೊಂಡರು, ಅಂದ್ಮೇಲೆ ಅದು ತಪ್ಪೇ ಅಲ್ವಾ ಆಂಟಿ?" ಎಂದಳು ಹುಡುಗಿ. ಇಲ್ಲಮ್ಮ, ಅದೂ ಕಾಲ್ಗುಣದ ಲೆಕ್ಕವೇ ಆಯಿತು. ಊರು ಉರಿಯುತ್ತಿದ್ದರೆ ಸರಿಯಾದ ಆಜ್ಞೆಯನ್ನೂ ಹಿಂತೆಗೆದುಕೊಂಡಾರು. ತಪ್ಪೋ ಸರಿಯೋ ಎಂಬುದನ್ನು ವಾದದ ಒಳಗೇ ನೋಡಬೇಕು ಎಂದೆ. ಅವಳು ಪೆನ್ಸಿಲು ಕಚ್ಚುತ್ತ ಕೂತಳು. 'ಮುಪ್ಪಿಗೆ ಮಾತ್ರ ಹಣ ಬೇಕಾಗುತ್ತದೆ ಎಂದು ಒಪ್ಪಿಕೊಂಡಿದ್ದಾರೆ' ಎಂದು ಬರೆದಳು. ಚೆನ್ನಾಗಿತ್ತು. ಆದರೂ ಇನ್ನೇನೋ ಉಳಿದಿದೆ ಎಂದು ನನಗೆ ಅನ್ನಿಸುತ್ತಿತ್ತು, ಏನೆಂದು ಹೊಳೆಯಲಿಲ್ಲ.

ಆ ಶನಿವಾರ ಊರಿನಿಂದ ಅವಳ ತಾಯಿ ಬಂದರು, ಒಂದು ಚೀಲ ಅವರೆಕಾಯಿ ಹೊತ್ತುಕೊಂಡು. ಹನ್ನೆರಡು ವರ್ಷ ಇದೇ ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ಟೈಲರ್ ಆಗಿದ್ದವರು ಅವರು. ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ದುಡಿದವರು. 2016ರಲ್ಲಿ ಮಿಷನ್ ಬಿಟ್ಟೆದ್ದು ಎಲ್ಲರ ಜೊತೆ ರಸ್ತೆಗೆ ಬಂದಿದ್ದರಂತೆ. ಕಲ್ಲು ಬೀಳತೊಡಗಿದಾಗ ಹೆದರಿ ಒಂದು ಬೇಕರಿಯೊಳಗೆ ಕೂತರಂತೆ. 2019ರಲ್ಲಿ ಕೆಲಸ ಬಿಟ್ಟು ಬಂದ ಪಿ.ಎಫ್. ಹಣ ಮಗಳ ಓದಿಗೆ ಹೋಯಿತು. ಆಗ ಅವರಿಗೆ ನಲವತ್ತೊಂದು.

ಮೂವರೂ ಹಜಾರದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ಹುಡುಗಿ ನನ್ನ ಪ್ರಶ್ನೆಯನ್ನು ತಾಯಿಗೆ ಓದಿ ಹೇಳಿದಳು. ಅವರು ಅರ್ಧಕ್ಕೇ ತಡೆದರು.

"ಐವತ್ತೆಂಟಾ? ಐವತ್ತೆಂಟರ ಗಂಟ ಯಾರಕ್ಕಾ ಮಡಿಕತಾರೆ ನಮ್ಮನ್ನ? ನಲವತ್ತಾಗ್ತಿದ್ದಂಗೇ ಸೂಜಿಗೆ ದಾರ ಕಾಣಾಕಿಲ್ಲ, ಪೀಸು ಕಮ್ಮಿ ಆಯ್ತದೆ, ಸೂಪರ್‌ವೈಸರು ಬಯ್ತಾನೆ. ಆಮ್ಯಾಕೆ ಇನ್ನೊಂದು ಫ್ಯಾಕ್ಟ್ರಿಗೋದ್ರೆ ವಯಸ್ಸು ಕೇಳ್ತಾರೆ. ನಮ್ಗೆ ಮುಪ್ಪು ಅನ್ನಾದು ನಲವತ್ತಕ್ಕೇ ಬತ್ತದೆ. ಅವ್ರು ಅವ್ರ ಲೆಕ್ಕದಲ್ಲಿ ಬರ್ಕಂಡವ್ರೆ."

ಹೇಳದೆ ಒಪ್ಪಿಕೊಂಡ ಮಾತು ಅದೇ ಆಗಿತ್ತು. ಬರೆದವರ ಮುಪ್ಪು ಎಲ್ಲರ ಮುಪ್ಪು ಎಂಬುದು. ಎರಡು ವಾರ ಗೈಡು ಓದಿದ ನನಗೂ, ಬಿ.ಎ. ಓದಿದ ಮಗಳಿಗೂ ಕಾಣದಿದ್ದದ್ದು ಅವರೆಕಾಯಿಯ ಸಿಪ್ಪೆಯ ಜೊತೆ ಮೊರಕ್ಕೆ ಬಿತ್ತು.

ಹುಡುಗಿ ಅಭ್ಯಾಸಬಲದಿಂದ ಗೈಡಿನ ಕೊನೆಯ ಪುಟ ತಿರುಗಿಸಿದಳು, ಉತ್ತರ ಸರಿಯೇ ನೋಡಲು. ಆಮೇಲೆ ತನಗೆ ತಾನೇ ನಕ್ಕು ಪುಸ್ತಕ ಮುಚ್ಚಿ, ಒಂದು ಹಿಡಿ ಕಾಯಿ ತನ್ನ ಕಡೆಗೆ ಎಳೆದುಕೊಂಡಳು.