ತವರಿನಲ್ಲಿ ಆಡದ ಚಾಂಪಿಯನ್

2019ರ ಜನವರಿ 5ರ ರಾತ್ರಿ ಮುಂಬಯಿಯಲ್ಲಿ ಬೆಂಗಳೂರು ಬುಲ್ಸ್ ತಂಡ ಪ್ರೊ ಕಬಡ್ಡಿ ಲೀಗಿನ ಆರನೇ ಆವೃತ್ತಿಯನ್ನು ಗೆದ್ದಿತು. ಎದುರಾಳಿ ಗುಜರಾತ್ ಫಾರ್ಚೂನ್‌ಜೈಂಟ್ಸ್, ಅಂಕ 38–33. 2014ರಲ್ಲಿ ಲೀಗ್ ಶುರುವಾದ ಮೇಲೆ ಕರ್ನಾಟಕದ ಹೆಸರು ಹೊತ್ತ ತಂಡಕ್ಕೆ ಸಿಕ್ಕ ಒಂದೇ ಒಂದು ಕಪ್ ಅದು. ಆಟವಾಗಿ ಆ ಆವೃತ್ತಿ ಬಹಳ ಎತ್ತರದ್ದು. ಆದರೆ ಅದೇ ಆವೃತ್ತಿ ಕರ್ನಾಟಕದ ಕಬಡ್ಡಿಗೆ ಏನು ಕೊಟ್ಟಿತು ಎಂದು ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆಯಿಂದ ನಿಂತು ಕೇಳಿದರೆ ಉತ್ತರ ಹಿತವಾಗಿಲ್ಲ.

ಮೊದಲು ಆಟದ ಮಾತು. ಫೈನಲ್‌ನ ಮೊದಲ ಇಪ್ಪತ್ತು ನಿಮಿಷ ಮುಗಿದಾಗ ಬುಲ್ಸ್ 9–16ರಿಂದ ಹಿಂದಿತ್ತು. ಸುನಿಲ್ ಕುಮಾರ್ ಮತ್ತು ಪರ್ವೇಶ್ ಭೈನ್ಸ್‌ವಾಲ್ ಜೋಡಿಯಿದ್ದ ಗುಜರಾತಿನ ಹಿಡಿತಗಾರರ ಪಡೆ ಆ ವರ್ಷದ ಅತ್ಯಂತ ಬಿಗಿಯಾದ ಪಡೆಗಳಲ್ಲೊಂದು. ಅದರ ಎದುರು ಏಳು ಅಂಕ ಹಿಂದಿದ್ದು ಗೆಲ್ಲುವುದು ಸುಲಭವಲ್ಲ. ಬುಲ್ಸ್ ಗೆದ್ದದ್ದು ಪವನ್ ಶೆರಾವತ್ ಅವರಿಂದ. ಆ ಒಂದೇ ಪಂದ್ಯದಲ್ಲಿ ಅವರು ರೈಡಿಂಗ್‌ನಿಂದ ತಂದ ಅಂಕಗಳು 22. ಇಡೀ ಆವೃತ್ತಿಯಲ್ಲಿ 271. ಅವರ ರೈಡ್ ನೋಡಿದವರಿಗೆ ಗೊತ್ತು: ಮಧ್ಯಗೆರೆ ದಾಟಿದ ಮೇಲೆ ಮೊದಲ ಹತ್ತು ಸೆಕೆಂಡ್ ಅವರು ಏನೂ ಮಾಡುವುದಿಲ್ಲ ಎನಿಸುತ್ತದೆ. ಕಾಲು ಮಾತ್ರ ಆಡುತ್ತಿರುತ್ತದೆ. ಕಾರ್ನರ್‌ನವನು ಒಂದು ಹೆಜ್ಜೆ ಮುಂದಿಟ್ಟನೋ, ಅವನ ಭುಜ ಮುಟ್ಟಿ ಗೆರೆಗೆ ಹಾರಿರುತ್ತಾರೆ. ತಪ್ಪು ಮಾಡುವಂತೆ ಎದುರಾಳಿಯನ್ನು ಕಾಯಿಸುವ ಆ ತಾಳ್ಮೆಯೇ ಅವರ ನಿಜವಾದ ಬಲ ಎಂಬುದು ನನ್ನ ಎಣಿಕೆ, ವೇಗ ಆಮೇಲಿನದು.

ಇನ್ನೊಂದು ಸಂಗತಿಯಿದೆ. ಹಿಂದಿನ ಆವೃತ್ತಿಯಲ್ಲಿ ಪವನ್ ಇದ್ದದ್ದು ಗುಜರಾತ್ ತಂಡದಲ್ಲಿ, ಅಲ್ಲಿ ಅವರಿಗೆ ಅವಕಾಶ ಸಿಕ್ಕಿದ್ದು ತೀರಾ ಕಡಿಮೆ. ಬುಲ್ಸ್ ಹರಾಜಿನಲ್ಲಿ 52.8 ಲಕ್ಷ ರೂಪಾಯಿಗೆ ಅವರನ್ನು ಮರಳಿ ತಂದಿತು. ಮೋನು ಗೋಯತ್ 1.51 ಕೋಟಿಗೆ ಹೋದ ಹರಾಜು ಅದು. ಆ ವರ್ಷದ ಅತ್ಯುತ್ತಮ ಆಯ್ಕೆ ಯಾರದ್ದು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ನಾಯಕ ರೋಹಿತ್ ಕುಮಾರ್ ಮೊದಲ ರೈಡರ್‌ನ ಪಟ್ಟವನ್ನು ಕಿರಿಯನಿಗೆ ಬಿಟ್ಟುಕೊಟ್ಟು ಆಡಿದ್ದನ್ನೂ ನೆನೆಯಬೇಕು. ಕೊಚ್ಚಿಯಲ್ಲಿ ನಡೆದ ಕ್ವಾಲಿಫೈಯರ್‌ನಲ್ಲಿ ಇದೇ ಗುಜರಾತನ್ನು 41–29ರಿಂದ ಸೋಲಿಸಿದಾಗಲೇ ತಂಡ ಹದಕ್ಕೆ ಬಂದಿತ್ತು.

ಫೈನಲ್‌ನ ಆ ಗೆಲುವಿನಲ್ಲೇ ದೋಷವೂ ಇತ್ತು. 38ರಲ್ಲಿ 22 ಒಬ್ಬನವೇ ಆದರೆ ಉಳಿದವರ ಪಾಲು 16, ಅದರಲ್ಲಿ ಆಲೌಟ್‌ನಿಂದ ಬಂದದ್ದೂ ಸೇರಿದೆ. ಮುಂದಿನ ವರ್ಷ ಪವನ್ ಹರಿಯಾಣ ಸ್ಟೀಲರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 39 ಅಂಕ ತಂದು ದಾಖಲೆ ಬರೆದರು. ಆದರೂ ತಂಡ ಸೆಮಿಫೈನಲ್‌ನಲ್ಲಿ ದಬಾಂಗ್ ಡೆಲ್ಲಿಗೆ ಸೋತಿತು. 2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿಗೆ ಅವರನ್ನು ಕೊಂಡ ಮೇಲೆ ಬುಲ್ಸ್‌ಗೆ ಆ ಎತ್ತರ ಮತ್ತೆ ಸಿಕ್ಕಿಲ್ಲ. 2024ರ ಹನ್ನೊಂದನೇ ಆವೃತ್ತಿಯಲ್ಲಿ 22 ಪಂದ್ಯಗಳಲ್ಲಿ ಗೆದ್ದದ್ದು ಎರಡು, ಸ್ಥಾನ ಕೊನೆಯದು. ಒಬ್ಬ ಆಟಗಾರನ ಮೇಲೆ ಕಟ್ಟಿದ ತಂಡ ಅವನ ಜೊತೆಗೇ ಹೊರಟುಹೋಯಿತು. ಅದರ ಕೆಳಗೆ ಜಿಲ್ಲೆಗಳಿಂದ ಹುಡುಗರನ್ನು ಎತ್ತಿ ಬೆಳೆಸುವ ಕೆಲಸ ಆಗಿದ್ದರೆ ಹೀಗಾಗುತ್ತಿರಲಿಲ್ಲ.

ನನ್ನ ದೊಡ್ಡ ತಕರಾರು ಬೇರೆ. ಕಪ್ ಗೆದ್ದ ಆ ವರ್ಷ ಬೆಂಗಳೂರು ಬುಲ್ಸ್ ತನ್ನ ತವರು ಚರಣದ ಪಂದ್ಯಗಳನ್ನು ಆಡಿದ್ದು ಪುಣೆಯಲ್ಲಿ. ಹಿಂದಿನ ವರ್ಷ ನಾಗಪುರದಲ್ಲಿ. ಎರಡು ವರ್ಷ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಬುಲ್ಸ್ ಆಟವಿರಲಿಲ್ಲ. ಅರಸೀಕೆರೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಸುಮಾರು ಮೂರು ತಾಸು. ಮಧ್ಯಾಹ್ನ ಹತ್ತಿದರೆ ಪಂದ್ಯ ನೋಡಿ ರಾತ್ರಿ ಗಾಡಿಗೆ ಮರಳಬಹುದಾದ ದಾರಿ. ಅರಸೀಕೆರೆ ಕಡೆಯ ಹುಡುಗರಿಗೆ ತಮ್ಮದೇ ರಾಜ್ಯದ ಚಾಂಪಿಯನ್ ತಂಡ ಕಂಡದ್ದು ಟಿವಿಯಲ್ಲಿ ಮಾತ್ರ, ಬಯಲುಸೀಮೆಯಲ್ಲಿ ರಾಗಿ ಒಕ್ಕಣೆಯೂ ಬೇಲೂರಿನ ಮಲೆನಾಡ ಅಂಚಿನಲ್ಲಿ ಕಾಫಿ ಕೊಯ್ಲೂ ನಡೆಯುವ ದಿನಗಳ ರಾತ್ರಿ ಎಂಟರ ಮೇಲೆ. ಮುಖ್ಯ ಏಳು ಮಂದಿಯಲ್ಲಿ ಬಹುಪಾಲು ಉತ್ತರ ಭಾರತದವರು. ಅವರ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ, ಚೆನ್ನಾಗಿ ಆಡುವವರು ಎಲ್ಲಿಯವರಾದರೂ ನಮ್ಮವರೇ. ಆದರೆ ಆಟಗಾರ ನಮ್ಮೂರಿನವನಲ್ಲ, ಅಂಕಣವೂ ನಮ್ಮೂರಿನದಲ್ಲ ಎಂದಾದಾಗ ಉಳಿಯುವುದು ಅಂಗಿಯ ಮೇಲಿನ ಹೆಸರೊಂದೇ.

ಕನ್ನಡಿಗರಲ್ಲಿ ಆಟ ಇಲ್ಲವೇ? ಧಾರಾಳವಾಗಿದೆ. ಕಾರ್ಕಳದ ಕಡೆಯ ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತ್ ತಂಡದ ನಾಯಕರಾಗಿ ಅದನ್ನು ಫೈನಲ್‌ವರೆಗೆ ಕೊಂಡೊಯ್ದರು. ದಕ್ಷಿಣ ಕನ್ನಡದ ಪ್ರಶಾಂತ್ ಕುಮಾರ್ ರೈ 2022ರ ಫೈನಲ್‌ನಲ್ಲಿ ಪಟ್ನಾ ಪೈರೇಟ್ಸ್‌ ನಾಯಕ, ಸೋಲು ಒಂದೇ ಅಂಕದಿಂದ. ಬುಲ್ಸ್ ಗೆದ್ದಾಗ ತರಬೇತಿ ಬಳಗದಲ್ಲಿದ್ದ ಬಿ.ಸಿ. ರಮೇಶ್ ಮುಂದಿನ ವರ್ಷ ಬೆಂಗಾಲ್ ವಾರಿಯರ್ಸ್‌ಗೆ, 2024ರಲ್ಲಿ ಪುಣೇರಿ ಪಲ್ಟನ್‌ಗೆ ಕಪ್ ಗೆಲ್ಲಿಸಿದರು. ನಮ್ಮವರು ಪರರ ತಂಡಗಳನ್ನು ಕಟ್ಟುತ್ತಿದ್ದಾಗ ನಮ್ಮ ತಂಡ ಪರರ ಊರಿನಲ್ಲಿ ಆಡುತ್ತಿತ್ತು.

ಹೆಣ್ಣುಮಕ್ಕಳ ವಿಷಯದಲ್ಲಿ ಲೀಗಿನ ನಡೆ ಇನ್ನೂ ನೋವಿನದು. 2016ರಲ್ಲಿ ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ನಡೆಯಿತು. ಫೈನಲ್‌ನಲ್ಲಿ ಎದುರಾದ ಎರಡೂ ತಂಡಗಳ ನಾಯಕಿಯರು ಕರ್ನಾಟಕದವರು: ಸ್ಟಾರ್ಮ್ ಕ್ವೀನ್ಸ್‌ಗೆ ತೇಜಸ್ವಿನಿ ಬಾಯಿ, ಫೈರ್ ಬರ್ಡ್ಸ್‌ಗೆ ಮಮತಾ ಪೂಜಾರಿ. ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು. ತೇಜಸ್ವಿನಿಯವರ ತಂಡ ಗೆದ್ದಿತು. ಸಂಘಟಕರು ಅದನ್ನು ಮುಂದಿನ ವರ್ಷಕ್ಕೆ ಒಯ್ಯಲೇ ಇಲ್ಲ. ಹಾಸನ ಜಿಲ್ಲೆಯ ಹೈಸ್ಕೂಲು ಹುಡುಗಿಯರು ದಸರಾ ಕ್ರೀಡಾಕೂಟಕ್ಕೆಂದು ಶಾಲೆಯ ಬಯಲಿನಲ್ಲಿ ಅಭ್ಯಾಸ ಮಾಡುವುದನ್ನು ನೋಡಿದಾಗೆಲ್ಲ ನನಗೆ ಈ ಮಾತು ಚುಚ್ಚುತ್ತದೆ.

ಲೀಗ್ ಒಳ್ಳೆಯದನ್ನೂ ತಂದಿದೆ. ಸತತ ಎರಡು ಖಾಲಿ ರೈಡ್ ಆದ ಮೇಲೆ ಮೂರನೇ ರೈಡ್‌ನಲ್ಲಿ ಅಂಕ ತರಲೇಬೇಕು ಎಂಬ ಡೂ ಆರ್ ಡೈ ನಿಯಮ, ಮುಂದಿರುವ ತಂಡ ಖಾಲಿ ರೈಡ್ ಮಾಡಿ ಹೊತ್ತು ಕಳೆಯುವ ಹಳೆಯ ಚಾಳಿಗೆ ಕಡಿವಾಣ ಹಾಕಿತು. ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ಹಿಡಿದರೆ ಹೆಚ್ಚುವರಿ ಅಂಕ ಕೊಡುವ ಸೂಪರ್ ಟ್ಯಾಕಲ್, ಸೋಲುತ್ತಿರುವ ತಂಡಕ್ಕೆ ಕೊನೆಯವರೆಗೂ ಜೀವ ಉಳಿಸಿತು. ನಮ್ಮ ಕಡೆ ಜಾತ್ರೆ, ಗಣೇಶೋತ್ಸವದ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲೂ ಈಗ ಈ ಮಾತುಗಳೇ ಕೇಳುತ್ತವೆ. ಮೈಕಿನವರು ಬೋನಸ್, ಆಲೌಟ್ ಎಂದು ಕೂಗುತ್ತಾರೆ. ಹದ ಮಾಡಿದ ಮಣ್ಣು, ಸುಣ್ಣದ ಗೆರೆ, ಸುತ್ತ ಕಟ್ಟಿದ ಹಗ್ಗ, ಅದಕ್ಕೆ ಒರಗಿ ನಿಂತ ಊರು. ಅಲ್ಲಿ ರೈಡರ್‌ನ ಉಸಿರು, ಕಬಡ್ಡಿ ಕಬಡ್ಡಿ ಎನ್ನುವ ದನಿ ನೋಡುವವರ ಕಿವಿಗೆ ಬೀಳುತ್ತದೆ. ಟಿವಿಯ ಸಂಗೀತದಲ್ಲಿ ಅದು ಮುಚ್ಚಿಹೋಗಿದೆ, ಲೀಗು ಕಳೆದುಕೊಂಡದ್ದರಲ್ಲಿ ಅದೂ ಒಂದು. ಮಣ್ಣಿನಲ್ಲಿ ಕಲಿತ ಹುಡುಗ ಮ್ಯಾಟ್‌ಗೆ ಹೋದರೆ ಶೂ ಹಾಕಿ ಓಡುವುದರಿಂದಲೇ ಮತ್ತೆ ಕಲಿಯಬೇಕು. ಕಾಲು ಹಿಡಿಯುವ ಹೊತ್ತು, ಜಾರುವ ಲೆಕ್ಕ ಎಲ್ಲ ಬದಲು. ಆ ಎರಡರ ನಡುವಿನ ಸೇತುವೆ ಕಟ್ಟಬೇಕಾದವರು ಯಾರು?

ಬ್ಯಾಸ್ಕೆಟ್‌ಬಾಲ್‌ನ ಅನುಭವ ಇಲ್ಲಿ ಪಾಠ. 2015ರಲ್ಲಿ ಶುರುವಾದ ಯುಬಿಎ ಲೀಗಿನಲ್ಲಿ ಬೆಂಗಳೂರು ಬೀಸ್ಟ್ ಎಂಬ ತಂಡವಿತ್ತು. 2017ರಲ್ಲಿ ನಾಲ್ಕನೇ ಆವೃತ್ತಿಯೊಂದಿಗೆ ಲೀಗೇ ನಿಂತಿತು. ಊರಿನಲ್ಲಿ ಬೇರಿಳಿಸದ ತಂಡಕ್ಕಾಗಿ ಬೀದಿಯಲ್ಲಿ ಯಾರೂ ಕೇಳಲಿಲ್ಲ. ಕಬಡ್ಡಿಗೆ ಆ ಗತಿ ಬಾರದಿರುವುದು ಹಳ್ಳಿಗಳಲ್ಲಿ ಆಟ ಮೊದಲೇ ಇದ್ದುದರಿಂದ. ಲೀಗು ಆ ಬಂಡವಾಳವನ್ನು ಬಳಸಿಕೊಂಡಿದೆ, ಮರಳಿ ಹಾಕಿದ್ದು ಕಾಣುತ್ತಿಲ್ಲ.

2024ರ ಪಂದ್ಯಗಳು ಹೈದರಾಬಾದ್, ನೊಯ್ಡಾ, ಪುಣೆಯಲ್ಲಿ. 2025ರಲ್ಲಿ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಯಲ್ಲಿ. ಎರಡೂ ವರ್ಷ ಕರ್ನಾಟಕಕ್ಕೆ ಒಂದು ಪಂದ್ಯವೂ ಇಲ್ಲ. 2025ರಲ್ಲಿ ಬಿ.ಸಿ. ರಮೇಶ್ ಬುಲ್ಸ್ ಕೋಚ್ ಆಗಿ ಮರಳಿದ್ದು ಒಳ್ಳೆಯ ಸುದ್ದಿ. ಬುಲ್ಸ್ ಆಡಳಿತಕ್ಕೂ ರಾಜ್ಯದ ಕಬಡ್ಡಿ ಸಂಸ್ಥೆಗೂ ನನ್ನ ಕೇಳಿಕೆ ಇಷ್ಟೆ: ಬೆಂಗಳೂರಿಗೂ ಮೈಸೂರಿಗೂ ಹುಬ್ಬಳ್ಳಿಗೂ ರೈಲು ಸಿಗುವ ಜಂಕ್ಷನ್ ಅರಸೀಕೆರೆ. ಮುಂದಿನ ಹರಾಜಿಗೆ ಮೊದಲು ಅಲ್ಲೊಂದು ಆಯ್ಕೆ ಶಿಬಿರ ನಡೆಸಿ, ಮ್ಯಾಟ್ ತಂದು ಹಾಸಿ, ಹಾಸನ, ಚಿಕ್ಕಮಗಳೂರು, ತುಮಕೂರು ಜಿಲ್ಲೆಗಳ ಹುಡುಗ–ಹುಡುಗಿಯರನ್ನು ಕರೆದು ಆಡಿಸಿ ನೋಡಿ.